ಪುದಿಯಾಪ್ಲೆಯೂ ನೀತಿಪಾಠವೂ

ಮೆಲ್ಕಾರಿನ ಮಹಮ್ಮದ್ ಕುಂಞಿಯವರ ಮನೆಯಲ್ಲಿ ದಿನಾ ಬೆಳಿಗ್ಗೆ ಒಂದೇ ಒಂದು ಮೊಟ್ಟೆ ಹುರಿಯುತ್ತಿದ್ದರು. ಅಕ್ಕಿರೊಟ್ಟಿಯಂಥ ಪತ್ತಿರ್ ಎಲ್ಲರಿಗೂ ಒಂದೇ, ಹಿಂದಿನ ದಿನದ ಮೀನುಸಾರೂ ಎಲ್ಲರಿಗೂ ಒಂದೇ. ಮೊಟ್ಟೆ ಮಾತ್ರ ಅಳಿಯ ಫಯಾಝನ ತಟ್ಟೆಗೆ. ಮದುವೆಯಾಗಿ ನಾಲ್ಕು ವರ್ಷ ಕಳೆದಿದ್ದರೂ ಅವನು ಆ ಮನೆಯಲ್ಲಿ ಪುದಿಯಾಪ್ಲೆಯೇ, ಅಂದರೆ ಹೊಸ ಮದುಮಗನೇ. ಹೆಂಡತಿಯ ಮನೆಯಲ್ಲಿ ಬಂದು ನೆಲೆಸಿದ ಕರಾವಳಿಯ ಬ್ಯಾರಿ ಮುಸ್ಲಿಂ ಗಂಡಸಿಗೆ ಈ ಪದವಿಯಿಂದ ನಿವೃತ್ತಿಯೆಂಬುದಿಲ್ಲ. ಅವನೆದುರು ಯಾರೂ ದನಿ ಎತ್ತುವುದಿಲ್ಲ, ಅವನಿಗೆ ಯಾರೂ ಕೆಲಸ ಹೇಳುವುದಿಲ್ಲ, ಅತ್ತೆಯಂತೂ ಅವನೊಡನೆ ಮುಖಕ್ಕೆ ಮುಖ ಕೊಟ್ಟು ಮಾತಾಡುವುದೇ ಇಲ್ಲ. ಅತ್ತೆ ಬೀಯಮ್ಮ ಅಡುಗೆಮನೆಯ ಪರದೆಯ ಆಚೆಯಿಂದ ಮಗಳಿಗೆ ಹೇಳುತ್ತಿದ್ದರು. ಮಗಳು ಜಸೀಲಾ ಅದನ್ನು ಗಂಡನಿಗೆ ದಾಟಿಸುತ್ತಿದ್ದಳು. ಗಂಡನಿಗೆ ಅದು ಮೊದಲೇ ಕೇಳಿಸಿರುತ್ತಿತ್ತು.

"ಮೋಳೆ, ಪುದಿಯಾಪ್ಲೆಗೆ ಇನ್ನೊಂದು ಬಂಗುಡೆ ಬೇಕಾ ಕೇಳು."

"ಸಾಕು ಅಂತ ಹೇಳು" ಎಂದು ಫಯಾಝ್ ಪರದೆಯ ಕಡೆ ನೋಡದೆಯೇ ಹೇಳುತ್ತಿದ್ದ. ಆದರೂ ಬಂಗುಡೆ ಮೀನು ಬರುತ್ತಿತ್ತು.

ಇಂಥದ್ದೇ ಒಂದು ರಾತ್ರಿಯೂಟದಲ್ಲಿ, ಎರಡು ಸಾವಿರದ ನಾಲ್ಕನೇ ಇಸವಿಯ ಆರಂಭದಲ್ಲಿ, ಜಸೀಲಾ ತಾನು ಕಲಿಸಬೇಕಾದ ಹೊಸ ಪೇಪರಿನ ಸುದ್ದಿ ತೆಗೆದಳು. ಅವಳು ಮೂಡುಬಿದಿರೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗದ ಉಪನ್ಯಾಸಕಿ. ದಿನಾ ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಸಿದ್ಧಕಟ್ಟೆಯ ಮೇಲೆ ಹೋಗಿ ಬರುವವಳು.

"ಎಂಥ ಪೇಪರು?" ಎಂದು ಫಯಾಝ್ ಕೇಳಿದ.

"ವೃತ್ತಿನೀತಿ ಮತ್ತು ಸಾಮಾಜಿಕ ಹೊಣೆಗಾರಿಕೆ."

"ಕಂಪ್ಯೂಟರಿನವರಿಗಾ?" ಮಹಮ್ಮದ್ ಕುಂಞಿಯವರು ಬಾಯಿಯಿಂದ ಮುಳ್ಳು ತೆಗೆದು ತಟ್ಟೆಯಂಚಿಗೆ ಇಟ್ಟರು. "ಅದನ್ನು ನಾವು ಮದ್ರಸದಲ್ಲೇ ಮುಗಿಸಿದ್ದೆವಲ್ಲ. ಉಸ್ತಾದರ ಬೆತ್ತ ಒಂದೇ, ಪರೀಕ್ಷೆಯೂ ಅದೇ."

"ಇದಕ್ಕೆ ಪರೀಕ್ಷೆ ಬೇರೆ ಉಂಟು ಬಾಪ. ನೂರು ಮಾರ್ಕು."

"ಪಾಸಾಗ್ಲಿಕ್ಕೆ?"

"ಮೂವತ್ತೈದು."

"ನೂರಕ್ಕೆ ಮೂವತ್ತೈದು ನೀತಿ ಇದ್ದರೆ ಸಾಕಾ?" ಮುದುಕರಿಗೆ ಖುಷಿಯಾಯಿತು. "ಹಾಗಾದರೆ ನಮ್ಮ ಮೆಲ್ಕಾರಿನಲ್ಲಿ ಫೇಲಾಗುವವರೇ ಇಲ್ಲ."

ಫಯಾಝ್ ಎಲ್ಲರಿಗಿಂತ ಹೆಚ್ಚು ನಕ್ಕ. ಮುಖ್ಯರಸ್ತೆಯ ಮೇಲಿದ್ದ ಮಾವನ ಹಳೆಯ ಚಪ್ಪಲಿ ಅಂಗಡಿಯಲ್ಲೇ ಅವನ ಕಂಪ್ಯೂಟರ್ ಸೆಂಟರು ಇದ್ದದ್ದು. ಟೈಪಿಂಗು, ಜೆರಾಕ್ಸು, ಬೈಂಡಿಂಗು, ಗಲ್ಫಿಗೆ ಹೋಗುವವರ ಬಯೋಡೇಟಾ ಎಂದು ಬೋರ್ಡಿನಲ್ಲಿ ಬರೆದಿತ್ತು. ಬೋರ್ಡಿನಲ್ಲಿ ಬರೆಯದೆ ನಡೆಯುತ್ತಿದ್ದ ಇನ್ನೊಂದು ವ್ಯಾಪಾರವೂ ಇತ್ತು. ಅದರ ಬಗ್ಗೆ ಜಸೀಲಾ ಯಾವತ್ತೂ ಕೇಳಿರಲಿಲ್ಲ. ಕೇಳದಿದ್ದುದರಿಂದ ಗೊತ್ತಿರಲಿಲ್ಲ ಎನ್ನಲು ಬರುತ್ತಿತ್ತು.

ಪೇಪರು ಅವಳಿಗೆ ಬಂದದ್ದು ಯೋಗ್ಯತೆಯಿಂದಲ್ಲ. ಅದಕ್ಕೆ ಲ್ಯಾಬ್ ಇಲ್ಲ, ಟ್ಯೂಷನ್ ಇಲ್ಲ, ಅದನ್ನು ಕಲಿಸಿದೆನೆಂದು ಹೇಳಿಕೊಂಡರೆ ಬೇರೆ ಕಡೆ ಕೆಲಸವೂ ಸಿಗುವುದಿಲ್ಲ. ವಿಭಾಗದಲ್ಲಿ ಎಲ್ಲರೂ ಒಂದೊಂದು ಕಾರಣ ಕೊಟ್ಟ ಮೇಲೆ ಮುಖ್ಯಸ್ಥ ಕಮಲಾಕ್ಷ ಸರ್ ಅವಳ ಮೇಜಿಗೆ ಬಂದಿದ್ದರು. "ನಿಮಗೆ ಮಾತು ಚಂದ ಬರ್ತದೆ ಮೇಡಂ. ಇದರಲ್ಲಿ ಮಾತಲ್ಲದೆ ಬೇರೇನಿಲ್ಲ."

ಆದರೆ ಜಸೀಲಾಳಿಗೆ ಯಾವ ಕೆಲಸವನ್ನೂ ಅರೆಬರೆ ಮಾಡಿ ಗೊತ್ತಿಲ್ಲ. ಪುಸ್ತಕದಲ್ಲಿದ್ದ ಅಮೆರಿಕದ ಉದಾಹರಣೆಗಳನ್ನು ಬದಿಗಿಟ್ಟು ಅವಳು ತಾನೇ ಉದಾಹರಣೆ ಕಟ್ಟಿದಳು. ಬೀಡಿ ಕಟ್ಟುವ ಒಬ್ಬ ಹೆಂಗಸು. ಒಂದೇ ಬಲ್ಬಿನ ಮನೆ. ಕಂಪ್ಯೂಟರು ಅವಳಿಗೆ ಅಕ್ಕಿಮಿಲ್ಲಿನಷ್ಟು ಕರೆಂಟು ಬಿಲ್ಲು ಕೊಟ್ಟಿದೆ. ತಪ್ಪು ಯಾರದ್ದು?

"ಕಂಪ್ಯೂಟರಿದ್ದು ಮಿಸ್" ಎಂದಿತು ಹಿಂದಿನ ಬೆಂಚು.

"ಅದನ್ನು ಜೈಲಿಗೆ ಹಾಕುವುದಾ?"

"ಹೆಂಗಸಿದ್ದೇ ಮಿಸ್. ಅವಳು ಆವತ್ತೇ ಹೋಗಿ ಹೇಳ್ಬೇಕಿತ್ತು."

"ಬೀಡಿ ಬಿಟ್ಟು ಹೋದ್ರೆ ಆ ದಿನದ ಮಜೂರಿ ನೀನು ಕೊಡ್ತೀಯಾ?" ಎಂದು ತಿರುಗಿ ಕೇಳಿದವಳು ಸಾತ್ವಿಕಾ. ಅವಳ ತಾಯಿ ಬೀಡಿ ಕಟ್ಟುವವರು. "ಪ್ರೋಗ್ರಾಂ ಬರೆದವನದ್ದು ತಪ್ಪು ಮಿಸ್. ಇಷ್ಟು ದೊಡ್ಡ ಸಂಖ್ಯೆ ಬಂದ್ರೆ ಒಮ್ಮೆ ನಿಂತು ನೋಡು ಅಂತ ಅವನು ಬರೀಬೇಕಿತ್ತು."

ಜಸೀಲಾಳಿಗೆ ಆ ದಿನ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಬೇಸರವಾಗಲಿಲ್ಲ. ಮಕ್ಕಳು ಜಗಳವಾಡಿದ್ದರು. ಕಂಪ್ಯೂಟರ್ ತರಗತಿಯಲ್ಲಿ ಯಾರಾದರೂ ಯಾವುದಕ್ಕಾದರೂ ಜಗಳವಾಡಿದ್ದನ್ನು ಅವಳು ಕಂಡದ್ದು ಅದೇ ಮೊದಲು.

ಅದೇ ಉಮೇದಿನಲ್ಲಿ ಮುಂದಿನ ವಾರ ಅವಳು ಕೊನೆಯ ವರ್ಷದ ಪ್ರಾಜೆಕ್ಟಿನ ವಿಷಯಕ್ಕೆ ಬಂದಳು. ಇಡೀ ವರ್ಷ ಕೂತು ತಾವೇ ಮಾಡಬೇಕಾದ ಪ್ರಾಜೆಕ್ಟನ್ನು ಹಣ ಕೊಟ್ಟು ತಯಾರಿಯಾಗಿಯೇ ತರುವುದು ಆಗ ಮಳೆಗಾಲಕ್ಕೆ ಕೊಡೆ ತರುವಷ್ಟು ಸಾಮಾನ್ಯವಾಗಿತ್ತು. "ಕೊಂಡು ತಂದ ಪ್ರಾಜೆಕ್ಟಿಗೆ ನಿಮ್ಮ ಹೆಸರು ಹಾಕಿದರೆ ಅದು ಕಳ್ಳತನ" ಎಂದಳು ಜಸೀಲಾ. "ನಾಳೆ ಆ ಕರೆಂಟು ಬಿಲ್ಲಿನ ಪ್ರೋಗ್ರಾಂ ಬರೆಯುವವರು ನೀವೇ."

ಕಿಟಕಿಯ ಬದಿಯ ಶೋಧನ್ ಎದ್ದು ನಿಂತ. ಹೋಟೆಲಿನವರ ಮಗ; ವಿನಯಕ್ಕೇನೂ ಕೊರತೆಯಿಲ್ಲ.

"ಮಿಸ್, ಕೊಂಡುಕೊಳ್ಳುವುದು ಕಳ್ಳತನ. ಮಾರುವುದು?"

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಇಡೀ ತರಗತಿ ತಮ್ಮ ತಮ್ಮ ಡೆಸ್ಕನ್ನು ನೋಡುತ್ತ ಕುಳಿತಿತ್ತು. ಫಯಾಝನ ಬೋರ್ಡಿಲ್ಲದ ವ್ಯಾಪಾರ ಎಲ್ಲರಿಗೂ ಗೊತ್ತಿದೆಯೆಂದು ಅದರಿಂದಲೇ ಅವಳಿಗೆ ಗೊತ್ತಾಯಿತು.

"ಅದಕ್ಕೆ ಇನ್ನೊಂದು ದಿನ ಉತ್ತರ ಹೇಳ್ತೇನೆ" ಎಂದಳು.

ಮನೆಯಲ್ಲಿ ಗಂಡನನ್ನು ಕೇಳಲು ಅವಳು ಜಾಗ ಹುಡುಕಬೇಕಾಯಿತು. ಚಾವಡಿಯಲ್ಲಿ ತಂದೆ, ಅಡುಗೆಮನೆಯಲ್ಲಿ ತಾಯಿ. ಕೊನೆಗೆ ಹಿತ್ತಲಿನ ವಾಷಿಂಗ್ ಮೆಷಿನ್ ತಿರುಗುವ ಸದ್ದಿನ ಮರೆಯಲ್ಲಿ ಕೇಳಿದಳು.

"ನೀವು ಪ್ರಾಜೆಕ್ಟ್ ಮಾರ್ತೀರಾ?"

"ಬೈಂಡಿಂಗ್ ಮಾಡ್ತೇನೆ."

"ಒಳಗಿರುವುದನ್ನು?"

"ಒಳಗೇನೂ ಇಲ್ಲದೆ ಬೈಂಡಿಂಗ್ ಮಾಡ್ಲಿಕ್ಕೆ ಆಗ್ತದಾ ಜಸೀ?" ಅವನು ನಕ್ಕ. ಅವಳು ನಗದಿದ್ದಾಗ ಮೆಷಿನಿನ ಮೇಲೆ ತಟ್ಟಿದ. "ಇದು ಬಯೋಡೇಟಾ ಟೈಪ್ ಮಾಡಿ ಬಂತು ಅಂತ ಎಣಿಸಿದ್ದೆಯಾ? ನಾನು ಮಾರದಿದ್ರೆ ಬಿ.ಸಿ. ರೋಡಿನವನು ಮಾರ್ತಾನೆ. ಅವನ ಹೆಂಡತಿ ಪಾಠ ಮಾಡುವುದಿಲ್ಲ, ಅಷ್ಟೇ ವ್ಯತ್ಯಾಸ."

"ಅಷ್ಟೇ ವ್ಯತ್ಯಾಸ ಅಂತ ನಾಳೆ ಕ್ಲಾಸಿನಲ್ಲಿ ಹೇಳ್ಲಾ?"

"ಏನಾದರೂ ಹೇಳು. ಹೊಣೆಗಾರಿಕೆ ನಿನ್ನ ಪೇಪರು. ನನ್ನದಲ್ಲ."

ಅವಳ ದನಿ ಏರಿತು. ಕೂಡಲೇ ಹಿತ್ತಲ ಬಾಗಿಲಲ್ಲಿ ಮಹಮ್ಮದ್ ಕುಂಞಿಯವರ ಕೆಮ್ಮು ಕೇಳಿಸಿತು. ಫಯಾಝ್ ಒಳಗೆ ಹೋದ ಮೇಲೆ ಅವರು ಮಗಳ ಹತ್ತಿರ ಬಂದರು.

"ಪುದಿಯಾಪ್ಲೆಯ ಹತ್ತಿರ ಹಾಗೆ ಮಾತಾಡ್ಬಾರದು ಮೋಳೆ. ಮುನಿಸಿಕೊಂಡು ಹೋದರೆ ಊರಿಗೆ ಏನು ಹೇಳುವುದು?"

"ಅವರು ಏನು ಮಾರ್ತಾರೆ ಅಂತ ಗೊತ್ತುಂಟಾ ಬಾಪ?"

"ನಾನು ಇಪ್ಪತ್ತು ವರ್ಷ ಚಪ್ಪಲಿ ಮಾರಿದವ. ಕೊಂಡವ ಎಲ್ಲಿಗೆ ನಡೆದುಕೊಂಡು ಹೋದ ಅಂತ ನಾನು ಕೇಳ್ಲಿಲ್ಲ."

ಮುಂದಿನ ಕೆಲವು ವಾರ ಜಸೀಲಾ ಪಾಠವನ್ನು ಆ ಪ್ರಶ್ನೆಯ ಸುತ್ತ ಮುತ್ತ ನಡೆಸಿದಳು. ಪಾಸ್‌ವರ್ಡಿನ ಗುಟ್ಟು, ಇತರರ ಪತ್ರ ಓದುವುದು, ಕೆಲಸ ಕಳೆದುಕೊಳ್ಳುವ ಗುಮಾಸ್ತ, ಎಲ್ಲ ಆಯಿತು. ಶೋಧನ್ ಮತ್ತೆ ಕೇಳಲಿಲ್ಲ. ನೋಟ್ಸ್ ಬರೆದುಕೊಂಡು ಸುಮ್ಮನೆ ತಲೆಯೆತ್ತಿ ನೋಡುತ್ತಿದ್ದ. ಸಾತ್ವಿಕಾ ಜಗಳವಾಡುವುದನ್ನು ನಿಲ್ಲಿಸಿದ್ದಳು. ತರಗತಿ ಮೊದಲಿನಂತೆ ಶಾಂತವಾಯಿತು. ಕಮಲಾಕ್ಷ ಸರ್ ಅದನ್ನು ಶಿಸ್ತು ಎಂದು ಕರೆದರು.

ಮನೆಯಲ್ಲೂ ಶಾಂತಿಯಿತ್ತು. ಗಂಡಹೆಂಡತಿ ಪರದೆಯಿಲ್ಲದೆಯೇ ಪರದೆಯ ಭಾಷೆಯಲ್ಲಿ ಮಾತಾಡತೊಡಗಿದ್ದರು.

"ಬಾಪ, ಕರೆಂಟು ಬಿಲ್ಲು ಕಟ್ಟಿದ್ದಾರಾ ಅಂತ ಕೇಳಿ."

"ಮಾಮ, ಕಟ್ಟಿ ಆಗಿದೆ ಅಂತ ಹೇಳಿ."

ಮಹಮ್ಮದ್ ಕುಂಞಿಯವರು ಇಬ್ಬರ ನಡುವೆ ಕೂತು ಅಕ್ಕಿಯ ಪುಂಡಿ ಕಡುಬು ತಿನ್ನುತ್ತಿದ್ದರು.

ಏಪ್ರಿಲಿನಲ್ಲಿ ಕಾಲೇಜಿನಲ್ಲಿ ಪ್ರಾಜೆಕ್ಟುಗಳ ಪರಿಶೀಲನೆ ನಡೆಯಿತು. ಮೈಸೂರಿನಿಂದ ಧರ್ಣಪ್ಪ ಎಂಬ ನಿವೃತ್ತ ಪ್ರೊಫೆಸರರು ಬಂದಿದ್ದರು. ಒಳಗಿನ ಪರೀಕ್ಷಕಿ ಜಸೀಲಾ. ಊಟಕ್ಕೆ ಮುಂಚಿನ ಕೊನೆಯ ಪ್ರಾಜೆಕ್ಟು ಶೋಧನನದ್ದು, ಆಸ್ಪತ್ರೆಯ ನಿರ್ವಹಣೆ. ಕಂಪ್ಯೂಟರಿನ ನೀಲಿ ಪರದೆಯ ಮೇಲೆ ಆಸ್ಪತ್ರೆಯ ಕೆಂಪು ಕ್ರಾಸು ತಿರುಗಿತು. ಶೋಧನ್ ರೋಗಿಗಳ ಪಟ್ಟಿ ತೆರೆದ.

ಪ್ರಾಜೆಕ್ಟು ತಯಾರಿಸುವಾಗ ನಮೂನೆಗೆ ಕೆಲವು ಹೆಸರು ತುಂಬಿಸಬೇಕಾಗುತ್ತದೆ. ಬೇರೆಯವರಾದರೆ ಏನೋ ಒಂದು ಹೆಸರು ಹಾಕುತ್ತಿದ್ದರು. ಫಯಾಝ್ ಹೆಂಡತಿಯ ಮನೆಯಲ್ಲಿ ಬೆಳಗೂ ಬೈಗೂ ಉಂಡವನು. ಬೇರೆ ಹೆಸರು ಅವನಿಗೆ ತೋಚಿರಲಿಲ್ಲ. ಮಹಮ್ಮದ್ ಕುಂಞಿ, ಹೆರಿಗೆ ವಾರ್ಡು. ಜಸೀಲಾ, ಮಂಡಿನೋವು. ಬೀಯಮ್ಮ, ವಯಸ್ಸು ಐವತ್ತೆಂಟು. ಬಿಡುಗಡೆಯ ಸ್ಥಿತಿ: ಮೃತ.

ಧರ್ಣಪ್ಪನವರು ಕನ್ನಡಕ ಸರಿಮಾಡಿಕೊಂಡರು. "ಗಂಡಸಿಗೆ ಹೆರಿಗೆ ವಾರ್ಡು ಕೊಟ್ಟಿದ್ದೀರಿ. ನಿಮ್ಮ ಪ್ರೋಗ್ರಾಂ ತಡೆಯುವುದಿಲ್ಲವೇ?"

"ತಡೀತದೆ ಸರ್."

"ತಡೆದಿಲ್ಲವಲ್ಲ."

"ಇದು ಬರೀ ಸ್ಯಾಂಪಲ್ ಸರ್."

"ಹೋಗಲಿ. ಈ ಬೀಯಮ್ಮ ತೀರಿಕೊಂಡದ್ದು ಏನಾಗಿ? ಕಾರಣ ಬರೆಯುವ ಜಾಗ ಖಾಲಿ ಇದೆ. ಖಾಲಿ ಬಿಟ್ಟರೂ ಒಪ್ಪಿಕೊಳ್ಳುವ ಹಾಗೆ ಯಾಕೆ ಬರೆದಿರಿ?"

ಶೋಧನ್ ಪರದೆ ನೋಡಿದ, ಜಸೀಲಾಳನ್ನು ನೋಡಿದ. ಜಸೀಲಾ ಎಂಬುದೊಂದನ್ನು ಬಿಟ್ಟರೆ ಉಳಿದ ಹೆಸರುಗಳು ಯಾರದ್ದೆಂದು ಅವನಿಗೆ ಗೊತ್ತಿರಲಿಲ್ಲ. ಬರೆದವರು ಯಾರೆಂಬುದು ಗೊತ್ತಿತ್ತು.

"ಅವರು ನನ್ನ ತಾಯಿ ಸರ್" ಎಂದಳು ಜಸೀಲಾ. "ಬೆಳಿಗ್ಗೆ ನನಗೆ ಬುತ್ತಿ ಕಟ್ಟಿಕೊಟ್ಟಿದ್ದಾರೆ. ಈ ಪ್ರಾಜೆಕ್ಟ್ ನನ್ನ ಗಂಡನ ಅಂಗಡಿಯದ್ದು. ಇದಕ್ಕೆ ಮಾರ್ಕು ಕೊಡ್ಲಿಕ್ಕೆ ನನಗಾಗುವುದಿಲ್ಲ."

ಧರ್ಣಪ್ಪನವರು ಪೆನ್ನಿನ ಮುಚ್ಚಳ ಹಾಕಿದರು. ಕಮಲಾಕ್ಷ ಸರ್ ಓಡಿ ಬಂದು ಅವಳನ್ನು ಹೊರಗೆ ಕರೆದರು.

"ಎಂಥದು ಮೇಡಂ ಇದು? ಸುಮ್ಮನೆ ಒಂದು ನಂಬರು ಹಾಕಿ ಕಳಿಸಿದ್ರೆ ಆಗ್ತಿತ್ತಲ್ಲ. ಮುಂದಿನ ತಿಂಗಳು ಕಂಪೆನಿಯವರು ಹುಡುಗರನ್ನು ತೆಗೊಳ್ಳಲಿಕ್ಕೆ ಬರ್ತಾರೆ ಮಾರಾಯ್ರೆ!"

"ನೀತಿಯ ಪೇಪರು ನೀವೇ ಕೊಟ್ಟದ್ದು ಸರ್."

"ಪಾಠ ಮಾಡ್ಲಿಕ್ಕೆ ಕೊಟ್ಟದ್ದು."

ಆ ಸಂಜೆ ಅವಳು ಅಡುಗೆಮನೆಯಲ್ಲಿ ತಾಯಿಗೆ ಎಲ್ಲ ಹೇಳಿದಳು. ಬೀಯಮ್ಮ ಅಕ್ಕಿ ರುಬ್ಬುತ್ತಿದ್ದರು. ಗ್ರೈಂಡರ್ ನಿಲ್ಲಿಸಿದರು.

"ನಾನು ಸತ್ತಿದ್ದೇನಾ?"

"ಕಂಪ್ಯೂಟರಿನಲ್ಲಿ ಉಮ್ಮ. ಸುಮ್ಮನೆ ನಮೂನೆಗೆ."

"ಒಂದೇ ಕಾಲೇಜಿನಲ್ಲಾ?"

"ಎಷ್ಟು ಮಾರಿದ್ದಾರೋ ಅಷ್ಟು ಕಡೆ."

"ನಿನ್ನ ಬಾಪ ಬದುಕಿದ್ದಾರಾ?"

"ಅವರು ಹೆರಿಗೆ ವಾರ್ಡಿನಲ್ಲಿ ಇದ್ದಾರೆ."

ಬೀಯಮ್ಮ ಮತ್ತೆ ಗ್ರೈಂಡರ್ ಹಾಕಿದರು. ಮರುದಿನ ಬೆಳಿಗ್ಗೆ ಫಯಾಝನ ತಟ್ಟೆಯಲ್ಲಿ ಪತ್ತಿರ್ ಇತ್ತು, ಸಾರು ಇತ್ತು. ಮಹಮ್ಮದ್ ಕುಂಞಿಯವರು ಪರದೆಯ ಕಡೆ ಎರಡು ಸಲ ಕೆಮ್ಮಿದರು. ಪರದೆ ಅಲುಗಲಿಲ್ಲ.

"ಬೀಯಾ, ಮೊಟ್ಟೆ?"

"ಕೋಳಿ ಹಾಕ್ಲಿಲ್ಲ."

ಮೊಟ್ಟೆ ಬರುತ್ತಿದ್ದದ್ದು ಅಂಗಡಿಯಿಂದ. ಮನೆಯಲ್ಲಿ ಕೋಳಿಯೇ ಇರಲಿಲ್ಲ. ಫಯಾಝ್ ತಿಂದು ಎದ್ದು ಕೈ ತೊಳೆದ. ಅಂಗಡಿಗೆ ಹೋಗುವಾಗ ಬೈಕನ್ನು ಮಾತ್ರ ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿಸಿದ.

ಆ ವಾರದ ತರಗತಿಗೆ ಜಸೀಲಾ ಪುಸ್ತಕ ಒಯ್ಯಲಿಲ್ಲ. "ಶೋಧನ್, ನಿಮಗೊಂದು ಉತ್ತರ ಬಾಕಿ ಉಂಟು" ಎಂದಳು. "ಮಾರುವುದೂ ಕಳ್ಳತನವೇ. ಮಾರುವವರು ನನ್ನ ಗಂಡ. ಕೊಂಡವರು ನೀವು. ಆ ದುಡ್ಡಿನಲ್ಲಿ ಬಂದ ಮೆಷಿನಿನಲ್ಲಿ ಬಟ್ಟೆ ಒಗೆಸಿಕೊಂಡು, ಇಲ್ಲಿ ಬಂದು ನಿಮಗೆ ಪಾಠ ಮಾಡಿದವಳು ನಾನು. ಇದರಲ್ಲಿ ಯಾರ ಪಾಲು ಎಷ್ಟು ಅಂತ ಎಲ್ಲರೂ ಎರಡು ಪುಟ ಬರೆಯಿರಿ. ನನ್ನನ್ನು ಬಿಟ್ಟು ಬರೆದವರಿಗೆ ಮಾರ್ಕಿಲ್ಲ."

ಸಾತ್ವಿಕಾ ಕೈ ಎತ್ತಿದಳು. "ಮಿಸ್, ಗೊತ್ತಿದ್ದೂ ಮಾರ್ಕು ಕೊಡುವ ಕಾಲೇಜನ್ನು ಸೇರಿಸ್ಬಹುದಾ?"

"ಸೇರಿಸಿ."

ಶೋಧನ್ ಕಿವಿಯವರೆಗೆ ಕೆಂಪಾಗಿ ಬರೆಯುತ್ತಿದ್ದ. ಎರಡು ಪುಟ ಮುಗಿದು ಅವನು ಹೆಚ್ಚಿನ ಹಾಳೆ ಕೇಳಿದ.

ಮರುದಿನ ಕಮಲಾಕ್ಷ ಸರ್ ನೀತಿಯ ಪೇಪರನ್ನು ಅವಳಿಂದ ವಾಪಸು ಪಡೆದರು. ಸಿಟ್ಟೇನೂ ಮಾಡಲಿಲ್ಲ. "ಉಳಿದದ್ದನ್ನು ಬೇರೆ ಯಾರಾದರೂ ಮುಗಿಸಲಿ ಮೇಡಂ. ಪಿ.ಟಿ. ಮಾಸ್ಟ್ರಿಗೆ ಪುರುಸೊತ್ತು ಉಂಟು."

ಆದರೆ ಪೇಪರು ಹೋಗುವ ಮೊದಲೇ ಸುದ್ದಿ ಮೆಲ್ಕಾರಿಗೆ ಹೋಗಿ ಮುಟ್ಟಿತ್ತು. ತರಗತಿಯ ದಿನವೇ, ಅವಳ ಬಸ್ಸಿಗಿಂತ ಮುಂಚಿನ ಬಸ್ಸಿನಲ್ಲಿ. ಅಂಗಡಿಯ ಬದಿಯಲ್ಲಿ ಸೋಡಾ ಮಾರುವ ಸುಬ್ಬಪ್ಪ ನಾಲ್ಕು ಜನರೆದುರು ಕೇಳಿದ್ದ: "ಫಯಾಝ್ ಬ್ಯಾರಿ, ನಿಮ್ಮ ಹೆಸರು ಕಾಲೇಜಿನ ಪಾಠದಲ್ಲಿ ಬಂದಿದೆಯಂತಲ್ಲ. ಪರೀಕ್ಷೆಗೆ ಬರ್ತದಾ?"

ಅಂದು ಜಸೀಲಾ ಮನೆ ತಲುಪಿದಾಗ ಅವನು ಬ್ಯಾಗು ತುಂಬಿಸುತ್ತಿದ್ದ.

"ಮನೆಯೊಳಗೆ ನೂರು ಸಲ ಬೈಬಹುದಿತ್ತು" ಎಂದ.

"ಈ ಮನೆಯೊಳಗೆ ನಿಮಗೆ ಬೈಲಿಕ್ಕೆ ಯಾರಿಗೂ ಬಿಡುವುದಿಲ್ಲ."

ಅವನು ಬ್ಯಾಗಿನ ಜಿಪ್ಪು ಎಳೆದ. ಬೈಕನ್ನು ಅಂಗಳದಲ್ಲೇ ಬಿಟ್ಟು ಬೆಳ್ತಂಗಡಿಗೆ, ತಾಯಿಯ ಮನೆಗೆ, ಬಸ್ಸು ಹತ್ತಿದ.

ಪುದಿಯಾಪ್ಲೆ ಮುನಿಸಿಕೊಂಡು ಹೋದ ಮನೆಯಲ್ಲಿ ಸಾವಿನ ಮನೆಯಷ್ಟೇ ಜನ ಬಂದು ಹೋಗುತ್ತಾರೆ, ಚಹಾದ ಖರ್ಚು ಮಾತ್ರ ಹೆಚ್ಚು. ಎಲ್ಲರ ಸಲಹೆಯೂ ಒಂದೇ: ಹುಡುಗಿಯ ತಂದೆ ಹಣ್ಣು ಹಂಪಲು ಹಿಡಿದು ಹೋಗಬೇಕು, ನಮ್ಮಿಂದ ತಪ್ಪಾಯಿತು ಎನ್ನಬೇಕು, ಕರೆತರಬೇಕು. ಕ್ರಮವೇ ಹಾಗೆ. ಎರಡು ವಾರ ಕಳೆದರೂ ಅವನು ಫೋನು ಮಾಡದಿದ್ದಾಗ ಮಹಮ್ಮದ್ ಕುಂಞಿಯವರು ಬಿಳಿ ಅಂಗಿ ಇಸ್ತ್ರಿ ಹಾಕಿಸಿದರು.

"ತಪ್ಪಾಯ್ತು ಅಂತ ಹೇಳಿದ್ರೆ ನಾನು ಕ್ಲಾಸಿನಲ್ಲಿ ಹೇಳಿದ್ದು ಸುಳ್ಳಾಗ್ತದೆ ಬಾಪ."

"ಹೇಳದಿದ್ದರೆ ನಿನ್ನ ಸಂಸಾರ?"

ಜಸೀಲಾಳಿಗೆ ಗಂಡ ಬೇಕಿತ್ತು. ಅದನ್ನು ತಂದೆಯೆದುರು ಹೇಳುವ ಕ್ರಮ ಇರಲಿಲ್ಲ.

"ನೀವು ಅಂಗಿ ಬಿಚ್ಚಿ" ಎಂದರು ಬೀಯಮ್ಮ ಪರದೆ ಸರಿಸಿ. "ಸತ್ತದ್ದು ನಾನು. ನಾನು ಹೋಗ್ತೇನೆ. ಜಸೀ, ನೀನೂ ಹೊರಡು."

ಬೆಳ್ತಂಗಡಿಯ ಮನೆಯಲ್ಲಿ ಫಯಾಝನ ತಾಯಿ ರುಖಿಯಮ್ಮ ಅವರನ್ನು ಕೂರಿಸಿ ಶರಬತ್ತು ಕೊಟ್ಟರು. ಆ ಮನೆಯ ಪುದಿಯಾಪ್ಲೆ ಬೇರೆ, ಫಯಾಝನ ತಂಗಿಯ ಗಂಡ ಅಸ್ಕರ್. ಅವನು ಚಾವಡಿಯ ಕುರ್ಚಿಯಲ್ಲಿ ಕಾಲು ಚಾಚಿ ಪೇಪರು ಓದುತ್ತಿದ್ದ. ಫಯಾಝ್ ಬಾವಿಯ ಬದಿಯಿಂದ ಎರಡು ಕೊಡಪಾನ ನೀರು ಹೊತ್ತು ಬಂದ. ಅತ್ತೆಯನ್ನು ಕಂಡು ಕೊಡಪಾನ ಇಳಿಸಿ ನಿಂತ.

"ಮೋಳೆ" ಎಂದು ಬೀಯಮ್ಮ ಗೋಡೆಯ ಕಡೆ ನೋಡಿ ಶುರುಮಾಡಿದರು, "ಅವನ ಹತ್ತಿರ ಕೇಳು..." ಅಲ್ಲಿಗೆ ನಿಲ್ಲಿಸಿ, ತಲೆವಸ್ತ್ರ ಸರಿಮಾಡಿಕೊಂಡು, ಅವನ ಮುಖಕ್ಕೇ ತಿರುಗಿ ಮಗನೆಂದೇ ಕರೆದರು. "ನನ್ನನ್ನು ಯಾಕೆ ಕೊಂದೆ ಮೋನೆ?"

ಅಸ್ಕರ್ ಪೇಪರು ಕೆಳಗಿಳಿಸಿದ. ಫಯಾಝ್ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ.

"ಒಬ್ಬರಾದರೂ ಸತ್ತಿರ್ಬೇಕಿತ್ತು ಮಾಮಿ. ಇಲ್ಲದಿದ್ರೆ ಆಸ್ಪತ್ರೆಯ ಹಾಗೆ ಕಾಣುವುದಿಲ್ಲ."

"ನಿನ್ನ ಹೆಸರು ಹಾಕಬಹುದಿತ್ತಲ್ಲ."

ಅವನು ಕೊಡಪಾನವನ್ನು ಗೋಡೆಯ ಬದಿಗೆ ಸರಿಸಿದ.

"ನಾಲ್ಕು ವರ್ಷ ನಿನಗೆ ಬಡಿಸಿದೆ. ಒಂದು ಮಾತು ಬೈಲಿಲ್ಲ. ಮನೆಗೆ ಬಂದವನಿಗೆ ಬೈಬಾರದು ಅಂತ. ನನಗೆ ಇನ್ನು ಆಗುವುದಿಲ್ಲ" ಎಂದರು ಬೀಯಮ್ಮ. "ಪುದಿಯಾಪ್ಲೆಯನ್ನು ಕರೀಲಿಕ್ಕೆ ನಾನು ಬರ್ಲಿಲ್ಲ. ಅವನಿಗೆ ಬೇಕಾದ್ರೆ ನಿನ್ನ ಮಾಮ ಹಣ್ಣು ತಕೊಂಡು ಬರ್ತಾರೆ, ಆಗ ಬಾ. ಮಗ ಆಗಿ ಬರುವುದಾದ್ರೆ ಈಗ ಬಸ್ಸುಂಟು. ಮಗ ಆದ್ರೆ ಬೈತೇನೆ. ಆ ವ್ಯಾಪಾರವೂ ಬಿಡ್ಬೇಕು."

ಫಯಾಝ್ ಹೆಂಡತಿಯನ್ನು ನೋಡಿದ. "ನೀನೇನು ಹೇಳ್ತಿ?"

"ನಾನು ಹೇಳುವುದನ್ನು ಹೇಳಿ ಆಗಿದೆ" ಎಂದಳು ಜಸೀಲಾ. ಆಮೇಲೆ ಮೆಲ್ಲಗೆ, "ಬನ್ನಿ" ಎಂದಳು.

ಅಸ್ಕರ್ ಒಳಗೆ ಕೂಗಿ ಚಹಾ ತರಲು ಹೇಳಿದ. ಫಯಾಝ್ ಒಂದು ಸಲ ಅವನ ಚಾಚಿದ ಕಾಲುಗಳನ್ನು ನೋಡಿ, ಬ್ಯಾಗು ತರಲು ಒಳಗೆ ಹೋದ.

ಬಸ್ಸಿನಲ್ಲಿ ಸಿಕ್ಕಿದ್ದು ಇಬ್ಬರು ಕೂರುವ ಒಂದು ಸೀಟು, ಅದರ ಹಿಂದೆ ಒಬ್ಬರಿಗೆ ಜಾಗ. ಬೀಯಮ್ಮ ಅಳಿಯನನ್ನು ತಮ್ಮ ಬದಿಯಲ್ಲೇ ಕೂರಿಸಿಕೊಂಡರು. ಪೇಟೆ ದಾಟಿದ ಮೇಲೆ ಬೈಯಲು ಆರಂಭಿಸಿದರು. ಹಾಸಿಗೆಯ ಮೇಲೆ ಎಸೆಯುವ ಒದ್ದೆ ಟವಲು ಮೊದಲು. ಬಳಿಕ ಒಣಹಾಕಿದ ಮೀನಿನ ಪಕ್ಕದಲ್ಲೇ ನಿಲ್ಲಿಸುವ ಬೈಕು. ಬಳಿಕ ಪ್ರಾಜೆಕ್ಟಿನ ಸೀಡಿಗಳು.

"ಎಲ್ಲವನ್ನೂ ತಂದು ಕೊಡು. ಹಿತ್ತಲಿನ ಪಪ್ಪಾಯಿಗೆ ಕಟ್ಟುವ, ಕಾಗೆ ಬರುವುದಿಲ್ಲ."

"ಮಾಮಿ, ಕೆಲವರ ಹತ್ತಿರ ಅಡ್ವಾನ್ಸ್ ತಕೊಂಡಾಗಿದೆ."

"ವಾಪಸ್ ಕೊಡು."

"ಅದು ಖರ್ಚಾಗಿದೆ."

"ಬೈಕು ಮಾರು."

ಬಸ್ಸಿನ ಅರ್ಧ ಜನ ಕೇಳುತ್ತಿದ್ದರು. ಟಿಕೇಟು ಕೊಡುತ್ತ ಬಂದ ಕಂಡಕ್ಟರು, "ಸ್ವಲ್ಪ ಮೆಲ್ಲ ಬ್ಯಾರ್ದಿ, ಪಾಪ, ದೊಡ್ಡ ಗಂಡಸು" ಎಂದ.

"ನನ್ನ ಮಗ, ನಾನು ಬೈತೇನೆ. ನಿನಗೆಂತ?" ಎಂದರು ಬೀಯಮ್ಮ.

ಫಯಾಝ್ ತಿರುಗಿ ಹಿಂದಿನ ಸೀಟಿನ ಹೆಂಡತಿಯ ಮುಖ ನೋಡಿದ. ಜಸೀಲಾ ಕಿಟಕಿಯ ಹೊರಗೆ ನೋಡಿದಳು. ಬೀಯಮ್ಮ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು. ಇಳಿಯಬೇಕಾದ ಬಿ.ಸಿ. ರೋಡಿಗೆ ಇನ್ನೂ ಅರ್ಧ ದಾರಿಯಿತ್ತು.